ಕಾವಲುಗಾರನ ತಲೆ

ಹುಟ್ಟು ಯಾತಕ್ಕೆ, ಸಾವು ಯಾತಕ್ಕೆ ಎಂಬ ಪ್ರಶ್ನೆಗಳು ಮನುಷ್ಯಕುಲವನ್ನು ಅನಾದಿಕಾಲದಿಂದ ಕಾಡುತ್ತ ಬಂದಿವೆ. ನಮ್ಮ ಭಾವನವರನ್ನು ಬಿಟ್ಟು! ಅವರನ್ನು ಕಾಡಿದ್ದು ಒಂದೇ ಪ್ರಶ್ನೆ: ಆ ಕಾವಲುಗಾರನ ತಲೆ ಹೋಯಿತೋ, ಉಳಿಯಿತೋ?

ಭಾವನವರೆಂದರೆ ನಮ್ಮಕ್ಕನ ಗಂಡ. ವಾಸ ಮಲಾಡ್, ಕೆಲಸ ಫೋರ್ಟಿನ ಒಂದು ಬ್ಯಾಂಕಿನಲ್ಲಿ. ಕಾವಲುಗಾರನೆಂದರೆ ಅವರ ತಾಯಿ ಹೇಳುತ್ತಿದ್ದ, ಹಳೇ ರಾಜರ ಕಾಲದ ಐತಿಹ್ಯದವನು. ದೀಪ ಹಚ್ಚಿದ ಮೇಲೆ ಯಾರು ಬಂದರೂ ಕೋಟೆಯ ಬಾಗಿಲು ತೆರೆಯಕೂಡದೆಂದು ರಾಜಾಜ್ಞೆ. ಒಂದು ದಿನ ಬೇಟೆಯಿಂದ ತಡವಾಗಿ ಬಂದವನು ರಾಜನೇ! ಕಾವಲುಗಾರ ತೆರೆಯಲಿಲ್ಲ. ಬೆಳಗಾಯಿತು. ಆಮೇಲೆ? ಅಲ್ಲೇ ತೊಡಕು. ತಾಯಿಯವರ ಮನಸ್ಸು ಸರಿಯಿದ್ದ ದಿನ ರಾಜ ಮೆಚ್ಚಿ ಒಂದು ಊರನ್ನೇ ಉಂಬಳಿ ಕೊಡುತ್ತಿದ್ದ. ಮಕ್ಕಳು ಕಾಟ ಕೊಟ್ಟ ದಿನ ತಲೆ ಹಾರಿಸುತ್ತಿದ್ದ. ಯಾವುದು ನಿಜವೆಂದು ಹೇಳದೆಯೇ ಆಕೆ ತೀರಿಕೊಂಡರು.

ಅಂದಿನಿಂದ ಭಾವ ಕೂತಲ್ಲಿ ಕೂರಲಿಲ್ಲ. ಮಲಾಡಿನ ಲೋಕಲ್‌ನಲ್ಲಿ ಸೀಟು ಸಿಕ್ಕಿಯೂ ನಿಂತು ಹೋಗುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಉಡುಪಿ ಹೋಟೆಲಿನಲ್ಲಿ ಪಕ್ಕದ ಮೇಜಿನವರ ಇಡ್ಲಿ ಸಾಂಬಾರಿಗೆ ಇಳಿಯುವ ಮೊದಲೇ ಕಥೆ ಮುಗಿಸಿ, "ನಿಮ್ಮ ಕಡೆ ಕೊನೆ ಹೇಗೆ ಹೇಳ್ತಾರೆ?" ಎನ್ನುವರು. ಬಿಲ್ಡಿಂಗಿನ ವಾಚ್‌ಮನ್ನನೂ ಪಾರಾಗಲಿಲ್ಲ. ಅವನು ವಿಜಾಪುರದ ಕಡೆಯವನು.

"ರಾಜನೇ ಬಂದ್ರೆ ಗೇಟ್ ತೆಗೀತೀಯೇನಪ್ಪಾ?"

"ಸೊಸೈಟಿ ಸೆಕ್ರೆಟರಿ ಹೇಳಿದ್ರ ತಗೀತೇನ್ರಿ ಸಾಹೇಬ್ರ."

ನಾನಾಗ ಪವಾಯಿಯಲ್ಲಿ ಕಂಪ್ಯೂಟರುಗಳ ನಡುವೆ ಹೊಟ್ಟೆ ಹೊರೆಯುತ್ತಿದ್ದೆ. ತೊಂಬತ್ತರ ದಶಕ ಆಗತಾನೇ ಕಣ್ಣು ಬಿಟ್ಟಿತ್ತು. ನಮ್ಮಲ್ಲಿಂದ ಹೊರದೇಶಗಳಿಗೆ ಕಂಪ್ಯೂಟರಿನಲ್ಲೇ ಸಂದೇಶ ಹೋಗುತ್ತಿತ್ತು. ಮಧ್ಯಯುಗದ ಐತಿಹ್ಯಗಳ ಪಂಡಿತರು ಅದರಲ್ಲಿ ತಮ್ಮದೇ ಒಂದು ಕೂಟ ಕಟ್ಟಿಕೊಂಡಿದ್ದರು. ಒಬ್ಬ ಕೇಳಿದ್ದು ಎಲ್ಲರಿಗೂ ತಲುಪುತ್ತಿತ್ತು. ಇದನ್ನು ಭಾವನ ಮುಂದೆ ಬಾಯಿಬಿಟ್ಟದ್ದು ನನ್ನ ಗ್ರಹಚಾರ!

ಮರು ಶನಿವಾರವೇ ಅಂಧೇರಿಯಿಂದ ಬಸ್ಸು ಹಿಡಿದು ಹಾಜರ್. ಧೂಳು ಬರಬಾರದೆಂದು ಕಂಪ್ಯೂಟರ್ ಕೋಣೆಯ ಹೊರಗೇ ಚಪ್ಪಲಿ ಬಿಡಬೇಕಿತ್ತು. ಭಾವ ಬಿಟ್ಟರು, ಒಳಗೆ ಬಂದು ಯಂತ್ರಕ್ಕೆ ಕೈಮುಗಿದೂ ಬಿಟ್ಟರು!

"ಇದಕ್ಕೆ ಎಲ್ಲಾ ಗೊತ್ತೇನಯ್ಯಾ?"

"ಇದಕ್ಕೇನೂ ಗೊತ್ತಿಲ್ಲ ಭಾವ. ಗೊತ್ತಿರೋರನ್ನ ಕೇಳತ್ತೆ ಅಷ್ಟೆ."

"ಹಾಗಾದ್ರೆ ನನ್ನ ಹಾಗೇನೇ!"

ಕಥೆಯನ್ನು ಇಂಗ್ಲಿಷಿನಲ್ಲಿ ಕುಟ್ಟಿ ಕಳಿಸಿದೆ. ಆಮೇಲೆ ದಿನಾ ಸಂಜೆ ಫೋನು: "ಬಂತಾ?" ಹಿಂದಿನಿಂದ ಅಕ್ಕನ ದನಿ: "ನನ್ನ ನೋಡೋಕೆ ಬಂದು ಹೋದ್ಮೇಲೆ ಉತ್ತರಕ್ಕೆ ಇಷ್ಟು ಕಾದಿದ್ರೇನೋ ಕೇಳು!"

ಬಂದವು. ತಮ್ಮ ಕಡೆ ಕಾವಲುಗಾರನಿಲ್ಲ, ನಾಯಿಯಿದೆ ಎಂದರೊಬ್ಬರು. ಇಂಥದ್ದನ್ನು ಎಲ್ಲೂ ಓದಿಲ್ಲ ಎಂದರು ಉಳಿದವರು. ಕಡೆಗೊಬ್ಬ ಪ್ರೊಫೆಸರು ಬಹಳ ಸಂತೋಷದಿಂದ ಬರೆದರು: ಈ ಕಥೆಯನ್ನು ಕೂಟದ ಕಂಪ್ಯೂಟರಿನಲ್ಲಿ ಸೇರಿಸಿದ್ದಾಗಿದೆ. ಆಧಾರ: ಮಲಾಡಿನ ಒಬ್ಬ ಮಹನೀಯರು. ಅಂತ್ಯವನ್ನು ಅವರೇ ದಯವಿಟ್ಟು ತಿಳಿಸುವುದು!

ಮಲಾಡಿಗೇ ಹೋಗಿ ಓದಿ ಹೇಳಿದೆ. ಭಾವ ನಗುತ್ತಾರೆಂದುಕೊಂಡೆ. ನಗಲಿಲ್ಲ.

"ಅಂದ್ರೆ... ಅಮ್ಮನಿಗೆ ಮಾತ್ರ ಗೊತ್ತಿತ್ತೇನಯ್ಯಾ?"

"ಈಗ ನಿಮಗೆ ಮಾತ್ರ, ಭಾವ."

ಅವರು ಕುರ್ಚಿ ಎಳೆದುಕೊಂಡು ಕೂತರು.

ಆ ಭಾನುವಾರ ನಮ್ಮ ಮನೆಗೆ ಬಂದರು. ನನ್ನ ಪುಟ್ಟ ಮಗಳು ಹೂದಾನಿ ಒಡೆದು, ಅಮ್ಮನಿಂದ ಬೈಸಿಕೊಂಡು ಮೂಲೆ ಸೇರಿದ್ದಳು. ಭಾವ ಅವಳ ಪಕ್ಕ ನೆಲದ ಮೇಲೆ ಕೂತು ಕಥೆ ಶುರು ಮಾಡಿದರು. ಬೆಳಗಾಯಿತು. ಬಾಗಿಲು ತೆರೆಯಿತು.

"ಫಿರ್ ಕ್ಯಾ ಹುವಾ ಮಾವ? ರಾಜಂಗೆ ಗುಸ್ಸಾ ಬಂತಾ?"

"ಸಿಟ್ಟು ಬಂತು."

"ತಲೆ ಕಾಟ್ ದಿಯಾ?"

ಭಾವ ಅವಳ ಕೆದರಿದ ಕೂದಲು ಸರಿಮಾಡಿ ಹೇಳಿದರು:

"ಇಲ್ಲ ಪುಟ್ಟಿ. ಅದು ನಮ್ಮಮ್ಮ ಕೋಪದಲ್ಲಿ ಹೇಳ್ತಿದ್ದಿದ್ದು, ಅಷ್ಟೆ."

ಸೋಮವಾರ ಪವಾಯಿಯಿಂದ ಪ್ರೊಫೆಸರಿಗೆ ಸಂದೇಶ ಕಳಿಸಿದೆ. ಕಾವಲುಗಾರ ಬದುಕಿದ.