ಒಂದು ಹಕಾರವನ್ನು ಮಂಜೂರು ಮಾಡಿಕೊಡುವ ಬಗ್ಗೆ

ಮೊಕ್ಕಾಂ: ಕೌದಳ್ಳಿ
ದಿನಾಂಕ: 8-3-1937

ಇಂದ:
ಮುತ್ತಯ್ಯ ಬಿನ್ ದೊಡ್ಡಮಾದಯ್ಯ,
ಕಸುಬು: ಹಗ್ಗ (ತಮ್ಮ ರಿಜಿಸ್ಟರಿನ ಪ್ರಕಾರ: ಅಗ್ಗ),
ಹೂಗ್ಯಂ ಗ್ರಾಮ (ತಮ್ಮ ರಿಜಿಸ್ಟರಿನ ಪ್ರಕಾರ: ಅಂಥ ಊರಿಲ್ಲ),
ಕೊಳ್ಳೇಗಾಲ ತಾಲ್ಲೂಕು, ಕೊಯಮತ್ತೂರು ಜಿಲ್ಲೆ.

ಗೆ:
ಮ್ಯಾನೇಜರ್ ದೊರೆಗಳವರ ಸಮಕ್ಷಮಕ್ಕೆ,
ಬೂದಿಗುಡ್ಡ ಚಿನ್ನದ ಗಣಿ ಸಿಂಡಿಕೇಟ್.

ವಿಷಯ: ರಿಜಿಸ್ಟರಿನ 17ನೇ ನಂಬರಿನಲ್ಲಿ ಬಿಟ್ಟುಹೋಗಿರುವ ಹಕಾರವೊಂದನ್ನು ಅರ್ಜಿದಾರನ ಹೆಸರಿಗೆ ಮಂಜೂರು ಮಾಡಿ, ಆತನು ಗಣಿ ಬಾವಿಗೆ ಕಟ್ಟಿರುವ ಹಗ್ಗವನ್ನು ಬಿಚ್ಚಿಸದೆ ಇರುವ ಬಗ್ಗೆ.

ಉಲ್ಲೇಖ: (1) ಕಳೆದ ದೀಪಾವಳಿಯ ಮರುವಾರ ತಮಟೆ ಹೊಡೆದು ಸಾರಿದ ಪ್ರಕಟಣೆ. (2) ಸ್ಥಳೀಯ ಸರಬರಾಜುದಾರರ ರಿಜಿಸ್ಟರು, ನಂ. 17. (3) ಸದರಿ ಹಗ್ಗವನ್ನು ಏಳು ದಿನದೊಳಗೆ ಬಿಚ್ಚತಕ್ಕದ್ದೆಂದು ದಿನಾಂಕ 4-3-1937ರಲ್ಲಿ ತಾವು ಕೊಟ್ಟ ಮೆಮೊ.

ಮಾನ್ಯರೇ,

ಅರ್ಜಿದಾರನು ಓದು ಬರಹ ಬಾರದವನಾದ ಕಾರಣ, ಅವನು ಹೇಳಿದ್ದನ್ನು ಕೇಳಿ ಈ ಅರ್ಜಿಯನ್ನು ಬರೆದುಕೊಟ್ಟವರು ಕೌದಳ್ಳಿ ಸ್ಕೂಲಿನ ಮೇಷ್ಟ್ರು ಕೆಂಪನಂಜಪ್ಪನವರು. ಇದರಲ್ಲಿರುವ ಹಕಾರಗಳೆಲ್ಲ ಮೇಷ್ಟ್ರವು, ದಡ್ಡತನವೆಲ್ಲ ಅರ್ಜಿದಾರನದು. ಈ ಅರ್ಜಿಯನ್ನು ಇಂಗ್ಲಿಷಿಗೆ ತಿರುಗಿಸಿ ದೊರೆಗಳಿಗೆ ಓದಿ ಹೇಳುವವರು ತಮ್ಮ ಗುಮಾಸ್ತೆಯವರೇ ಎಂದು ತಿಳಿದುಬಂದಿರುವುದರಿಂದ, ಅವರ ಬಗ್ಗೆ ಮುಂದೆ ಬರುವುದನ್ನೆಲ್ಲ ಬಹಳ ಗೌರವದಿಂದ ಬರೆಯಲಾಗಿದೆ.

1. ಬೂದಿಗುಡ್ಡದಲ್ಲಿ ಚಿನ್ನವಿದೆಯೆಂದು ತಾವು ಬಂದಿಳಿದ ಹೊಸದರಲ್ಲಿ, ತೋಟಿ ದೊಡ್ಡಸಿದ್ದಯ್ಯನು ಹೂಗ್ಯಂನ ಕೇರಿಕೇರಿಯಲ್ಲೂ ತಮಟೆ ಹೊಡೆದು ಸಾರಿದನು: "ಕೇಳ್ರಪ್ಪೋ! ಕೂಲಿ ಆಗ್ಲಿ, ಸಾಮಾನ್ ಆಗ್ಲಿ, ಸುತ್ತ ಅಳ್ಳಿಯೋರ್ಗೇ ಮೊದ್ಲಂತೆ! ಓಗಿ ಯೆಸ್ರು ಬರುಸ್ಕಳಿ!" ಚಿನ್ನಕ್ಕೆ ಬಾವಿ ತೋಡಬೇಕು, ಬಾವಿಗೆ ಹಗ್ಗ ಬೇಕು ಎಂಬಷ್ಟು ಅರ್ಜಿದಾರನಿಗೂ ಹೊಳೆಯಿತು. ಅವನ ಕೇರಿಯವರು ಮೂರು ತಲೆಮಾರಿನಿಂದ ಕತ್ತಾಳೆ ಕೊಳೆಹಾಕಿ, ನಾರು ತೆಗೆದು, ಹಗ್ಗ ಹೊಸೆಯುವವರು. ಹನೂರು, ಕೊಳ್ಳೇಗಾಲ, ಆಚೆ ಮೈಸೂರು ಸೀಮೆಯ ಯಳಂದೂರಿನವರೆಗೂ ಬಾವಿಗಳಲ್ಲಿ ಅವರದೇ ಹಗ್ಗ. ಅರ್ಜಿದಾರನ ಜೀವಮಾನದಲ್ಲಿ ತಾನಾಗಿ ಹೊಳೆದ ಬುದ್ಧಿ ಇದೊಂದೇ. ಅದರಿಂದ ಏನಾಯಿತೆಂಬುದನ್ನು ಮುಂದೆ ಅರಿಕೆ ಮಾಡಲಾಗಿದೆ.

2. ಅರ್ಜಿದಾರನು ಒಗೆದ ಪಂಚೆ ಉಟ್ಟುಕೊಂಡು ಕ್ಯಾಂಪಿಗೆ ಹೋದನು. ಗುಮಾಸ್ತೆಯವರು ಮೈಸೂರು ಪಟ್ಟಣದವರು, ತಿಳಿದವರು, ಅಚ್ಚುಕಟ್ಟಾದವರು. ಅಲ್ಲಿ ನಡೆದ ಮಾತು ಹೀಗೆ:

"ನೀನು ಏನಪ್ಪಾ ಒದಗಿಸ್ತೀಯ?"

"ಅಗ್ಗ ಸಾ."

"ಅಗ್ಗ, ಸರಿ. ಎಂಥದ್ದು?"

"ಎಲ್ಲಾ ತರದ್ದೂ ಅದೆ ಸಾ. ದಪ್ಪದ್ದು, ಸಣ್ಣದ್ದು. ಎಷ್ಟ್ ಎಳುದ್ರೂ ತಡೀತದೆ."

ಗುಮಾಸ್ತೆಯವರು ತಲೆಯೆತ್ತಿ ನೋಡಿದರು. "ಎಷ್ಟು ಜನ ಇದ್ದೀರಿ?"

"ನಮ್ ಕೇರೀಲಿ ನಲ್ವತ್ ಆಳು ಸಾ, ಎಂಗುಸ್ರೂ ಸೇರಿ. ನನ್ ತಮ್ಮ ಮಾದಸ್ವಾಮೀನೂ ಅವ್ನೆ. ಎಲ್ಲಾ ಉಟ್ದಾಗ್ನಿಂದ ಅದ್ರಲ್ಲೇ ಇರೋರು."

"ದರ?"

"ಮದ್ರಾಸ್ನಿಂದ ತರ್ಸೋದ್ಕಿಂತ ಕಮ್ಮೀಗೇ ಕೊಡ್ತೀವಿ ಸಾ."

ಗುಮಾಸ್ತೆಯವರಿಗೆ ಬಹಳ ಸಂತೋಷವಾಯಿತು. ಇಷ್ಟು ಬಾಯಿ ಬಿಟ್ಟು ಮಾತಾಡುವ ಕೂಲಿ ಮೇಸ್ತ್ರಿಯನ್ನು ತಾವು ಎಲ್ಲೂ ಕಂಡಿಲ್ಲವೆಂದು ಹೇಳಿ, 17ನೇ ನಂಬರಿನಲ್ಲಿ "ಅಗ್ಗದ ಆಳು, ನಲವತ್ತು" ಎಂದು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡರು. ಕೂಲಿ ಮೇಸ್ತ್ರಿ ಎಂದರೆ ಹಗ್ಗದ ವ್ಯಾಪಾರಿಗೆ ಕಚೇರಿಯವರು ಕೊಡುವ ಬಿರುದಿರಬೇಕೆಂದು ಅರ್ಜಿದಾರನು ಹಿಗ್ಗಿದನು. ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಹೇಳಿಕೊಂಡೂ ಬಂದನು.

3. ತಮ್ಮ ತಿಳುವಳಿಕೆಗಾಗಿ: ಅರ್ಜಿದಾರನ ಕಡೆ ಅಗ್ಗ ಎಂದರೆ ಹಗ್ಗ ಮಾತ್ರ. ಕಡಿಮೆ ಬೆಲೆಯದಕ್ಕೆ ಕಮ್ಮಿ ಎನ್ನುತ್ತಾರೆ. ಹಾಲಿಗೆ ಆಲು, ಹಸುವಿಗೆ ಅಸ. ಅಸ ಹಾಗೆಂದು ಹಾಲು ಕಡಿಮೆ ಕೊಟ್ಟದ್ದಿಲ್ಲ.

4. ಬರಹೇಳಿದ ದಿನ ನಲವತ್ತು ಜನರೂ ಗಾಡಿ ತುಂಬ ಹಗ್ಗ ಹೇರಿಕೊಂಡು, ಗಾಡಿಯ ಹಿಂದೆ ನಗುನಗುತ್ತಾ ಬಂದರು. ಗೇಟಿನ ಜವಾನನು ಪಟ್ಟಿ ನೋಡಿ, ಅಗ್ಗ ಎಂದು ಬರೆದಿರುವುದು ನಿಮ್ಮನ್ನು, ಈ ಸಾಮಾನು ಪಟ್ಟಿಯಲ್ಲಿಲ್ಲ ಎಂದು, ಗಾಡಿಯನ್ನು ಹೊರಗೆ ನಿಲ್ಲಿಸಿ ಜನರಿಗೆ ಮಂಕರಿ ಹೊರಿಸಿ ಒಳಕ್ಕೆ ಕಳಿಸಿದನು. ಅಗ್ಗ ಒಳಗೆ ಹೋಯಿತು, ಹಗ್ಗ ಹೊರಗೆ ಉಳಿಯಿತು. ಹೆಬ್ಬೆಟ್ಟು ಒತ್ತಿಯಾಗಿದೆ, ಹಿಂದಕ್ಕೆ ಹೋದರೆ ನಿಮ್ಮ ಊರಿನವರೊಬ್ಬರನ್ನೂ ಮುಂದೆ ಸೇರಿಸುವುದಿಲ್ಲ ಎಂದು ಕಚೇರಿಯಿಂದ ಹೇಳಿಕಳಿಸಿದರು. ಕಲ್ಲಿನ ಮಂಕರಿ ಹೊತ್ತು ಎದುರಿಗೆ ಬಂದ ಅರ್ಜಿದಾರನ ಹೆಂಡತಿ ಚಿಕ್ಕಬಸಮ್ಮಳು, "ಅಗ್ಗ ಮಾರ್ಬತ್ತೀನಿ ಅಂತ ಓಗಿ ನಮ್ಮನ್ನೇ ಮಾರ್ಬುಟ್ಟು ಬಂದ್ಯಲ್ಲಪ್ಪಾ!" ಎಂದಳು. ಅರ್ಜಿದಾರನು ತಾನೂ ಒಂದು ಮಂಕರಿ ಹೊತ್ತನು.

5. ತಪ್ಪು ತನ್ನ ನಾಲಿಗೆಯಲ್ಲಿದೆಯೆಂದು ತಿಳಿದ ಅರ್ಜಿದಾರನು, ಈ ವಯಸ್ಸಿನಲ್ಲಿ ಒಂದೇ ಒಂದು ಅಕ್ಷರ ಕಲಿಯುವುದಕ್ಕೆ ಮೇಷ್ಟ್ರ ಜಗುಲಿಗೆ ಹೋಗಿ ಕುಳಿತನು.

"ಅಂಗೈ ಬಾಯಿ ಮುಂದೆ ಇಟ್ಕೊಳಯ್ಯಾ. ಬೆಚ್ಚಗಾಗ್ಬೇಕು. ಹಗ್ಗ."

"ಅಗ್ಗ."

"ಉಸಿರು ಬಿಡು."

"ಬಿಟ್ಟೆ ಮೇಷ್ಟ್ರೇ. ಅಗ್ಗ."

ಎಂಟು ದಿನಕ್ಕೆ ಹಕಾರ ಬಂತು. ಆದರೆ ಬಂದದ್ದು ಎಲ್ಲಿ ಕೂರಬೇಕೋ ಅಲ್ಲಿ ಕೂರಲಿಲ್ಲ. ಎತ್ತು ಕಟ್ಟಿ ಮನೆಗೆ ಬಂದ ಅರ್ಜಿದಾರನು ಹೆಂಡತಿಗೆ, "ಹೆತ್ತು ಕಟ್ಟಿ ಬಂದೆ, ಹಂಬಲಿ ಆಕು" ಎಂದನು. ಚಿಕ್ಕಬಸಮ್ಮಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೂರ್ ಮಕ್ಕಳ ಎತ್ತೋಳು ನಾನು, ನೀನ್ಯಾವಾಗ ಎತ್ತೆ?" ಎಂದು ಕೇಳಿದಳು. (ಈ ಸಂಗತಿ ಅರ್ಜಿಗೆ ಬೇಡವೆಂದು ಮೇಷ್ಟ್ರು ಹೇಳಿದರು. ದೊರೆಗಳಿಗೆ ಎಲ್ಲವೂ ತಿಳಿದಿರಲೆಂದು ಅರ್ಜಿದಾರನು ಹಟ ಹಿಡಿದನು.)

6. ಒಂಬತ್ತನೆಯ ದಿನ ಅರ್ಜಿದಾರನು ಗುಮಾಸ್ತೆಯವರ ಮೇಜಿನ ಮುಂದೆ ನಿಂತು, ಕಾಗದಗಳು ಹಾರುವಂತೆ "ಹಗ್ಗ!" ಎಂದನು. ಗುಮಾಸ್ತೆಯವರು ಒಳ್ಳೆಯವರು. "ಅಯ್ಯೋ, ಹಗ್ಗವೇನಪ್ಪಾ!" ಎಂದು ಮನಸಾರೆ ನಕ್ಕು, ತಿದ್ದುವುದಕ್ಕೆ ಲೆಕ್ಕಣಿಯನ್ನೂ ಎತ್ತಿಕೊಂಡರು. ಸಾಮಾನು ಒದಗಿಸುವವನು ಸ್ಥಳೀಯನೇ ಎಂದು ಖಾತ್ರಿಯಾಗಬೇಕು, ಯಾವ ಊರು ಎಂದರು. ಅರ್ಜಿದಾರನು ತನ್ನ ಹಕಾರವನ್ನೆಲ್ಲ ಹಗ್ಗಕ್ಕೇ ಖರ್ಚು ಮಾಡಿಬಿಟ್ಟಿದ್ದನು.

"ಊಗ್ಯಂ ಸಾ."

ಗುಮಾಸ್ತೆಯವರು ತಾಲ್ಲೂಕಿನ ಗ್ರಾಮಗಳ ಪಟ್ಟಿ ತೆಗೆದು, ಊಕಾರದ ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಎರಡು ಸಲ ಬೆರಳಾಡಿಸಿದರು. "ಅಂಥ ಊರೇ ಇಲ್ಲವಲ್ಲಪ್ಪಾ."

"ನಿಮ್ ಕಿಟ್ಕೀಲಿ ಕಾಣ್ತದಲ್ಲಾ ಸಾ, ಅದೇಯಾ."

"ಕಿಟಕೀಲಿ ಕಾಣೋದು ಬೇರೆ, ಪಟ್ಟೀಲಿ ಇರೋದು ಬೇರೆ."

ಆಳು ತೆಗೆದುಕೊಳ್ಳುವುದಕ್ಕೆ ಊರು ಇರಬೇಕಾದ್ದಿಲ್ಲ, ಸಾಮಾನು ತೆಗೆದುಕೊಳ್ಳುವುದಕ್ಕೆ ಊರು ಇರಲೇಬೇಕು ಎಂಬ ನಿಯಮ ಅಂದು ಅರ್ಜಿದಾರನಿಗೆ ತಿಳಿಯಿತು. ತಿದ್ದುಪಡಿ ಅಲ್ಲಿಗೇ ನಿಂತಿತು. ಆ ಮೇಜಿನ ಆಚೆ ನಮ್ಮ ಕಡೆಯವನೊಬ್ಬನು ಕೂತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಸುತ್ತಲ ಹಳ್ಳಿಯವರಿಗೆ ಮೊದಲು ಎಂದು ಸಾರಿದ್ದು ಮೇಜಿನ ಈಚೆಗೆ ಮಾತ್ರವೆಂದು ಕಾಣುತ್ತದೆ.

7. ಹಕಾರವಿಲ್ಲದವರು ಕೆಲಸಕ್ಕೆ ಬಾರದವರೆಂದು ಸಿಂಡಿಕೇಟಿನ ಅಭಿಪ್ರಾಯವಾಗಿದ್ದರೆ, ಬಾವಿಯ ಉಸ್ತುವಾರಿ ನೋಡುವ ಕ್ಯಾಪ್ಟನ್ ದೊರೆಗಳನ್ನು ಗಮನಿಸಬೇಕು. ಅವರು ಬಕೀಟನ್ನು ಮೇಲೆತ್ತಲು "ಆಯ್ಸ್ಟ್!" ಎಂದೂ ಬೇಗ ಬೇಗ ಎನ್ನಲು "ಅರಿ ಅಪ್!" ಎಂದೂ ಕೂಗುತ್ತಾರೆ. ಪುಸ್ತಕದ ಪ್ರಕಾರ ಅವು ಹಾಯ್ಸ್ಟ್, ಹರಿ ಅಪ್, ಎರಡಕ್ಕೂ ಹಕಾರ ಇದೆಯೆಂದು ಮೇಷ್ಟ್ರು ತೋರಿಸಿದರು. ದೊರೆಗಳ ತಾಯಿ ಕಡೆಯವರು ನಮ್ಮ ಊರಿನವರೇ ಇರಬೇಕೆಂದು ಚಿಕ್ಕಬಸಮ್ಮಳ ಅನುಮಾನ. ಆದರೂ ಅವರನ್ನು ಯಾರೂ ಅಗ್ಗ ಎಂದು ಬರೆದುಕೊಂಡಿಲ್ಲ.

8. ಇನ್ನು ಮುಖ್ಯ ಸಂಗತಿ. ಬಾವಿಗೆ ಮೊದಲು ಹಾಕಿದ್ದ ಹಗ್ಗ ಮದ್ರಾಸಿನಿಂದ ಬಂದದ್ದು. ಮಳೆಗಾಲವೆಲ್ಲ ಎಲ್ಲೋ ನೆನೆದು ಬಂದಿತ್ತು. ಮಣ್ಣು ಹೊರುತ್ತಿದ್ದ ಅರ್ಜಿದಾರನು ಒಂದು ದಿನ ರಾಟೆಯ ಹತ್ತಿರ ಹೋದಾಗ, ಅದರ ಹುರಿ ಬಿಚ್ಚಿಕೊಳ್ಳುತ್ತಿದ್ದುದು ಕಣ್ಣಿಗೆ ಬಿತ್ತು. ಗಾಬರಿಯಲ್ಲಿ ಕಲಿತ ಅಕ್ಷರ ಓಡಿಹೋಯಿತು.

"ಉರಿ! ಉರಿ ಬಿಟ್ಕಂಡದೆ ಸಾ, ಉರಿ!" ಎಂದು ಕೂಗಿಕೊಂಡನು.

ಗುಮಾಸ್ತೆಯವರು ತಡಮಾಡದೆ ಬೆಂಕಿಯ ಗಂಟೆ ಬಾರಿಸಿದರು. ಜನ ಓಡಿಬಂದು ಅರ್ಜಿದಾರನು ಕೈತೋರಿಸುತ್ತಿದ್ದ ಹಗ್ಗದ ಮೇಲೆ ಹನ್ನೆರಡು ಕೊಡ ನೀರು ಸುರಿದರು. ಕೊಳೆತ ಹಗ್ಗ ಇನ್ನಷ್ಟು ನೆನೆಯಿತು. ಬೆಂಕಿ ಎಲ್ಲೆಂದು ಯಾರಿಗೂ ಕಾಣದ ಕಾರಣ ಅರ್ಜಿದಾರನಿಗೆ ಒಂದು ದಿನದ ಕೂಲಿ ಹಿಡಿದರು.

ಮೂರನೆಯ ದಿನ ಹಗ್ಗ ಹರಿದು, ಕಲ್ಲು ತುಂಬಿದ ಬಕೀಟು ತಳಕ್ಕೆ ಬಿತ್ತು. ಆ ಹೊತ್ತಿಗೆ ಕೆಳಗೆ ಯಾರೂ ಇರಲಿಲ್ಲ. ಹರಿದ ತುದಿಗಳನ್ನು ಸೇರಿಸಿ ಗಂಟು ಹಾಕಿ, ಊಟದ ಬಿಡುವಾದ ಮೇಲೆ ಕೆಲಸ ಎಂದರು. ಮೊದಲು ಇಳಿಯಬೇಕಾಗಿದ್ದವನು ಅರ್ಜಿದಾರನ ತಮ್ಮ ಮಾದಸ್ವಾಮಿ. ನಲವತ್ತು ಎಂದು ಬಾಯ್ತುಂಬ ಹೇಳಿದಾಗ ತಮ್ಮನ ಹೆಸರನ್ನೂ ಸೇರಿಸಿ ಹೇಳಿ ಬಂದವನು ಅರ್ಜಿದಾರನೇ. ಅಂದು ಅವನು ಊಟವನ್ನು ಅರ್ಧಕ್ಕೇ ಬಿಟ್ಟನು. ಎದ್ದುಹೋಗಿ, ಗೇಟಿನ ಹೊರಗೆ ಬಿದ್ದಿದ್ದ ತನ್ನ ಗಾಡಿಯಿಂದ ತೋಳುಗಾತ್ರದ ಹಗ್ಗವೊಂದನ್ನು ಹೊತ್ತು ತಂದು, ಯಾರನ್ನೂ ಕೇಳದೆ ರಾಟೆಗೆ ಕಟ್ಟಿಬಿಟ್ಟನು. ಕ್ಯಾಪ್ಟನ್ ದೊರೆಗಳು ಬಂದು, ಬಕೀಟಿಗೆ ಕಲ್ಲು ತುಂಬಿಸಿ ಮೂರು ಸಲ ಇಳಿಸಿ ಏರಿಸಿ ನೋಡಿ, "ಗುಡ್" ಎಂದರು. ಅಂದಿನಿಂದ ಹತ್ತೊಂಬತ್ತು ದಿನ ಹದಿನಾಲ್ಕು ಮಂದಿ ಅದರಲ್ಲೇ ಇಳಿದು ಅದರಲ್ಲೇ ಮನೆಗೆ ಬಂದಿದ್ದಾರೆ.

9. ಹೀಗಿರಲಾಗಿ, ಅಗ್ಗ ಒದಗಿಸಲು ಒಪ್ಪಿದವನು ಹಗ್ಗ ಒದಗಿಸಿದ್ದು ಕರಾರಿನ ಉಲ್ಲಂಘನೆಯೆಂದೂ, ಪಟ್ಟಿಯಲ್ಲಿಲ್ಲದ ಸದರಿ ಸಾಮಾನನ್ನು ಗುರುವಾರದೊಳಗೆ ಬಿಚ್ಚಿ, ಹಳೆಯ ಹಗ್ಗವನ್ನೇ ಹಾಕತಕ್ಕದ್ದೆಂದೂ ತಮ್ಮ ಮೆಮೊ ಬಂದಿರುತ್ತದೆ. ಅರ್ಜಿದಾರನಿಗೆ ಭಯವಾಗಿದೆ. ಇದನ್ನು ಕಚೇರಿಯ ಭಾಷೆಯಲ್ಲಿ ಹೇಗೆ ಬರೆಯಬೇಕೆಂದು ಮೇಷ್ಟ್ರಿಗೂ ತಿಳಿಯಲಿಲ್ಲ.

ಆದ್ದರಿಂದ, ಮೇಲೆ ಹೇಳಿದ ಕಾರಣಗಳಿಂದಲೂ ಹೇಳಲು ಬಾರದ ಕಾರಣಗಳಿಂದಲೂ, ಪ್ರಾರ್ಥಿಸಿಕೊಳ್ಳುವುದೇನೆಂದರೆ:

(ಅ) 17ನೇ ನಂಬರಿಗೆ ಒಂದು ಹಕಾರವನ್ನು ಮಂಜೂರು ಮಾಡುವುದು. ಹೊಸದನ್ನು ಕೊಡಲು ಮೇಲಿನವರ ಒಪ್ಪಿಗೆ ಬೇಕಾದಲ್ಲಿ, ತಮ್ಮ ಹಾಜರಿ ಪುಸ್ತಕದ ಮೇಲಿರುವ ಹಕಾರವನ್ನು ತೆಗೆದುಕೊಡಬಹುದು. ನಮ್ಮವರು ಅದನ್ನು ಆಜ್ರಿ ಎಂದೇ ಕರೆಯುವುದರಿಂದ ಯಾರಿಗೂ ಕೊರತೆಯಾಗುವುದಿಲ್ಲ.

(ಆ) ಸಾಧ್ಯವಾದರೆ ಊರಿಗೂ ಒಂದು. ಇದಕ್ಕೆ ಅವಸರವಿಲ್ಲ. ಊರು ಅಲ್ಲೇ ಇರುತ್ತದೆ.

(ಇ) ಎರಡೂ ಆಗದಿದ್ದಲ್ಲಿ, ಬಾವಿಗೆ ಕಟ್ಟಿರುವ ಹಗ್ಗಕ್ಕೆ ಅರ್ಜಿದಾರನು ಏನನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ಪುಕ್ಕಟೆಗಿಂತ ಅಗ್ಗ ಯಾವುದೂ ಇಲ್ಲವಾದ್ದರಿಂದ ಅದು ಅಗ್ಗವೇ ಆಗಿದ್ದು, ಕರಾರು ಉಲ್ಲಂಘನೆಯಾಗಿಲ್ಲವೆಂದು ತೀರ್ಮಾನಿಸಿ, ಅದನ್ನು ಇದ್ದಲ್ಲೇ ಬಿಡುವುದು.

ಇಂತಿ, ತಮ್ಮ ರಿಜಿಸ್ಟರಿನಲ್ಲಿ ಅಗ್ಗವಾಗಿಯೂ ತಮಗೆ ವಿಶ್ವಾಸಿಯಾಗಿಯೂ ಇರುವ,

ಮುತ್ತಯ್ಯ
(ಎಡಗೈ ಹೆಬ್ಬೆಟ್ಟು)
ಬಿಕ್ಕಲಂ (ಬರೆದವರು): ಕೆಂಪನಂಜಪ್ಪ, ಮೇಷ್ಟ್ರು

ಲಗತ್ತುಗಳು:
1. ಹರಿದ ಹಗ್ಗದ ತುಂಡು, ಒಂದು ಮೊಳ.
2. ಅರ್ಜಿದಾರನ ಹಗ್ಗದ ತುಂಡು, ಒಂದು ಮೊಳ. ಎರಡನ್ನೂ ದೊರೆಗಳು ತಮ್ಮ ಕೈಯಿಂದಲೇ ಎಳೆದು ನೋಡುವುದು.
3. ತಮ್ಮ ಮೆಮೊ. (ಅರ್ಥವಾಗದ್ದರಿಂದ ವಾಪಸು.)

ವಿಶೇಷ ಸೂಚನೆ: ಇಷ್ಟಾಗಿಯೂ ಗುರುವಾರ ಹಗ್ಗ ಬಿಚ್ಚಿಸಲೇಬೇಕೆಂದಾದರೆ, ಬಿಚ್ಚುವ ಮುಂಚೆ ಬಾವಿಯೊಳಗೆ ಬಗ್ಗಿ, ಕೆಳಗೆ ಯಾರಾದರೂ ಇದ್ದೀರಾ ಎಂದು ಒಮ್ಮೆ ಕೂಗಿ ಕೇಳಿಸುವುದು. ಕೂಗುವ ಕೆಲಸಕ್ಕೆ ನಮ್ಮ ಊರಿನವರೊಬ್ಬರನ್ನು ನೇಮಿಸಿದರೆ ಉತ್ತಮ. ಅದಾಗದಿದ್ದಲ್ಲಿ, ಕೆಳಗಿನಿಂದ "ಊಂ" ಎಂದು ಕೇಳಿಬಂದರೆ ಅದನ್ನು ಹೂಂ ಎಂದು ಓದಿಕೊಂಡು, ಮಾದಸ್ವಾಮಿಯು ಮೇಲೆ ಬರುವವರೆಗೆ ಕಾಯಬೇಕಾಗಿ ವಿನಂತಿ.