ಗಂಟೆ ಪಕ್ಷಕ್ಕೆ ಅಂಟಿಸಿದ ಚೀಟಿ

ಕಳೆದುಹೋಗಿದ್ದ ಕನ್ನಡಕ ಸಿಕ್ಕಿದ್ದೇ ಕರಡಪ್ಪನ ಗ್ರಹಚಾರಕ್ಕೆ ಮೂಲವಾಯಿತು. ಅದು ಇನ್ನೊಂದು ದಿನ ಕಾಣೆಯಾಗಿಯೇ ಇದ್ದಿದ್ದರೆ ಅವನು ಅಂದು ನೆಮ್ಮದಿಯಾಗಿ ಕಾಫಿ ಕುಡಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಂಜೆಯ ಸಮಾರಂಭದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಮನೆಗೆ ಬರುತ್ತಿದ್ದ.

ಕರಡಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ, ಅದಕ್ಕೆ ಜನ ಇಟ್ಟ ಹೆಸರು. ಕಣ್ಣಿನ ಆಪರೇಷನ್ ಆದ ಮೇಲೆ ಬೇರೆ ಪ್ರೆಸ್ಸಿನವರೆಲ್ಲ ಅವನನ್ನು ನೋಡಿ ಅಡ್ಡಡ್ಡ ತಲೆಯಾಡಿಸಿದ್ದರು. ಈಗಿನ ಮಾಲೀಕರು ಮಾತ್ರ ಕಿಟಕಿ ಪಕ್ಕದ ಕುರ್ಚಿ ತೋರಿಸಿ, "ಬೆಳಕು ಚೆನ್ನಾಗಿದೆ, ಇಲ್ಲಿ ಕೂತ್ಕೋ" ಎಂದಿದ್ದರು. ಆ ಒಂದು ಮಾತಿಗೆ ಕರಡಪ್ಪ ಇವತ್ತಿಗೂ ಅವರ ನೆರಳು ಕಂಡರೆ ಎದ್ದು ನಿಲ್ಲುತ್ತಾನೆ. ಹಾಗಾಗಿಯೇ ಕನ್ನಡಕ ಕಳೆದುಹೋದದ್ದನ್ನು ಅವರಿಗೆ ಹೇಳುವ ಧೈರ್ಯ ಬಂದಿರಲಿಲ್ಲ. ಹೆಂಡತಿಯ ಕನ್ನಡಕ ಹಾಕಿಕೊಂಡೇ ಒಂದು ಇಡೀ ಪುಸ್ತಕದ ಕರಡು ತಿದ್ದಿ ಕೊಟ್ಟಿದ್ದ. ಅದು ಸೂಜಿಗೆ ದಾರ ಪೋಣಿಸಲು ಮಾಡಿಸಿದ ಕನ್ನಡಕ. ಅದರಲ್ಲಿ ನೋಡಿದರೆ ಸಾಲುಗಳೆಲ್ಲ ಇರುವೆ ಹೊರಟ ಹಾಗೆ ಕಾಣುತ್ತಿದ್ದವು.

ಅಂದು ಬೆಳಿಗ್ಗೆ ಹೆಂಡತಿ ಮೂಲೆಯಲ್ಲಿದ್ದ ಕೊಡೆ ಬಿಚ್ಚಿದಳು. ಅದರೊಳಗಿಂದ ಕನ್ನಡಕ ಬಿತ್ತು.

"ನಿಮ್ಮ ಕಣ್ಣು ಕೊಡೆಯೊಳಗೆ ನಿದ್ದೆ ಮಾಡ್ತಿತ್ತು ನೋಡಿ," ಎಂದಳು. "ಇನ್ನು ನಂದು ನನಗೆ ಕೊಡಿ. ದಾರ ಪೋಣಿಸೋಕೆ ದಿನಾ ಪಕ್ಕದ ಮನೆಯವರನ್ನ ಕರೆದು ಕರೆದು ಸಾಕಾಗಿದೆ."

ಕರಡಪ್ಪನಿಗೆ ಹೋದ ಜೀವ ಬಂದಂತಾಯಿತು. ಕನ್ನಡಕ ಒರೆಸಿ ಹಾಕಿಕೊಂಡು, ತಾನೇ ತಿದ್ದಿದ ಆ ಹೊಸ ಪುಸ್ತಕವನ್ನು ಅಭಿಮಾನದಿಂದ ತೊಡೆಯ ಮೇಲಿಟ್ಟುಕೊಂಡ.

ಪುಸ್ತಕದ ಹೆಸರು 'ಗಂಟೆ ಪಕ್ಷ: ಹುಟ್ಟು ಮತ್ತು ಬೆಳವಣಿಗೆ'. ಹೊರದೇಶದ ದೊರೆಗಳು ಆಳುತ್ತಿದ್ದ ಕಾಲದಲ್ಲಿ ಸೈಕಲ್ಲಿಗೂ ತೆರಿಗೆ ಹಾಕಿದ್ದರು. ಸಾಲದ್ದಕ್ಕೆ, ತಮ್ಮ ಬಂಗಲೆಯ ಮುಂದೆ ಯಾರೂ ಸೈಕಲ್ ಗಂಟೆ ಬಾರಿಸಕೂಡದೆಂದು ಆಜ್ಞೆಯನ್ನೂ ಹೊರಡಿಸಿದರು. ಆಗ ಸೈಕಲ್ ರಿಪೇರಿ ಅಂಗಡಿಯೊಂದರ ಅಟ್ಟದ ಮೇಲೆ ಏಳು ಜನ ಹುಡುಗರು ಸೇರಿ, ಬಾರಿಸಿಯೇ ತೀರುತ್ತೇವೆಂದು ಪಕ್ಷ ಕಟ್ಟಿದರು. ಬಾರಿಸಿದರು, ಜೈಲಿಗೆ ಹೋದರು, ಬಂದು ಮತ್ತೆ ಬಾರಿಸಿದರು. ಊರಿಗೆ ಊರೇ ಬಾರಿಸತೊಡಗಿದ ಮೇಲೆ ದೊರೆಗಳು ನಿದ್ದೆಗೆಟ್ಟು ಹಡಗು ಹತ್ತಿದರು. ಅಲ್ಲಿಯವರೆಗೆ ಪಕ್ಷ ಒಂದೇ ಇತ್ತು. ಆಮೇಲೆ ಅಧಿಕಾರ ಬಂತು. ಗಂಟೆ ಹ್ಯಾಂಡಲಿನ ಬಲಕ್ಕಿರಬೇಕೋ ಎಡಕ್ಕಿರಬೇಕೋ ಎಂದು ಒಮ್ಮೆ ಒಡೆಯಿತು. ಕುರ್ಚಿಗಾಗಿ ಇನ್ನೊಮ್ಮೆ ಒಡೆಯಿತು. ಯಾರಿಗೂ ಈಗ ನೆನಪಿಲ್ಲದ ಕಾರಣಕ್ಕೆ ಮತ್ತೊಮ್ಮೆ ಒಡೆಯಿತು. ಪುಸ್ತಕದಲ್ಲಿ ಇದನ್ನೆಲ್ಲ 'ಬೆಳವಣಿಗೆ' ಎಂದು ಕರೆದಿದ್ದರು.

ಮೊದಲ ಪುಟದಲ್ಲೇ ಆ ಏಳು ಜನರ ಹಳೆಯ ಫೋಟೊ. ಅದರಲ್ಲಿ ಈಗ ಬದುಕಿರುವವರು ಒಬ್ಬರೇ, ಎಲ್ಲರೂ ತಾತ ಎಂದು ಕರೆಯುವ ಹಿರಿಯರು. ಫೋಟೊ ಕೆಳಗೆ ದಪ್ಪಕ್ಷರದಲ್ಲಿ 'ಪಕ್ಷವನ್ನು ಹುಟ್ಟುಹಾಕಿದ ಮಹನೀಯರು' ಎಂದು ಇರಬೇಕಾಗಿತ್ತು. ಇದ್ದದ್ದು, 'ಪಕ್ಷವನ್ನು ಹೂತುಹಾಕಿದ ಮಹನೀಯರು' ಎಂದು.

ಕರಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಅಕ್ಷರ ಬದಲಾಗಲಿಲ್ಲ. ಕೈಯಲ್ಲಿದ್ದ ಕಾಫಿ ತಟ್ಟೆಗೆ ಚೆಲ್ಲಿತು.

ಆಗಲೇ ಪಕ್ಕದ ಮನೆಯ ಕಂಡಕ್ಟರ್ ಒಳಗೆ ಬಂದರು. ಬಸ್ಸಿನಿಂದ ನಿವೃತ್ತರಾಗಿದ್ದರೂ ಬೀದಿಯವರನ್ನೆಲ್ಲ ಮುಂದಕ್ಕೆ ಹೋಗಿ ಮುಂದಕ್ಕೆ ಹೋಗಿ ಎನ್ನುವುದನ್ನು ಬಿಟ್ಟಿರಲಿಲ್ಲ. ಕರಡಪ್ಪನ ಭುಜದ ಮೇಲಿಂದ ಬಗ್ಗಿ ನೋಡಿ ನಿಧಾನವಾಗಿ ಓದಿದರು.

"ಹೂತುಹಾಕಿದ... ಇದೇನ್ರೀ, ಸಂಜೆ ತಾತನ ಕೈಯಿಂದಲೇ ಬಿಡುಗಡೆ ಮಾಡಿಸ್ತಿರೋ ಪುಸ್ತಕ ಅಲ್ವಾ ಇದು?"

"ಅದೇ," ಎಂದ ಕರಡಪ್ಪ. ಧ್ವನಿ ಎಲ್ಲಿಂದಲೋ ಬಂದಂತಿತ್ತು.

"ಅದಕ್ಯಾಕೆ ಅಷ್ಟು ಗಾಬರಿ? ಟಿಕೆಟ್ ತಪ್ಪಾದ್ರೆ ನಾವು ಪೆನ್ನಲ್ಲೇ ತಿದ್ತಿದ್ವಿ. ಕೊಡಿ ಇಲ್ಲಿ."

ಬೇಡ ಎನ್ನುವಷ್ಟರಲ್ಲಿ ಜೇಬಿನ ಪೆನ್ನು ಹೊರಬಂದಿತ್ತು. ನುಣುಪು ಕಾಗದ, ಶಾಯಿ ಕಚ್ಚಲಿಲ್ಲ. ಕಂಡಕ್ಟರ್ ಅಂಗೈಯಿಂದ ಒರೆಸಿದರು. ಶಾಯಿ ಮೇಲಕ್ಕೆ ಹರಡಿ ಮಧ್ಯದಲ್ಲಿ ನಿಂತಿದ್ದ ಎಳೆಯ ತಾತನಿಗೆ ದಪ್ಪ ಮೀಸೆ ಬಂತು.

"ಮೀಸೆ ಚೆನ್ನಾಗೇ ಒಪ್ತದೆ," ಎಂದಳು ಹೆಂಡತಿ. ಅವಳಿಗೆ ತನ್ನ ಕನ್ನಡಕ ವಾಪಸು ಬಂದಿದ್ದರಿಂದ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಕರಡಪ್ಪ ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಪ್ರೆಸ್ಸಿಗೆ ಓಡಿದ. ಅಲ್ಲಿ ಪುಸ್ತಕಗಳು ಗೋಡೆಯುದ್ದಕ್ಕೂ ಕಟ್ಟು ಕಟ್ಟಾಗಿ ಕೂತಿದ್ದವು. ಬೈಂಡರ್ ಒಬ್ಬನೇ ಇದ್ದ. ಅವನಿಗೆ ವಿಷಯ ಹೇಳಿದರೆ ತಲೆಯ ಮೇಲೆ ಕೈ ಹೊರುವ ಬದಲು ಗೋಂದಿನ ಡಬ್ಬಿಯ ಮುಚ್ಚಳ ತೆಗೆದ.

"ಸರಿಯಾದ ಮಾತನ್ನ ಚಿಕ್ಕ ಚೀಟೀಲಿ ಹೊಡ್ಸೋಣ. ಅದರ ಮೇಲೇ ಅಂಟಿಸಿಬಿಡೋಣ. ನನ್ನ ಗೋಂದು ಹಾಕಿದ್ರೆ ಕಾಗದ ಹರಿದೀತು, ಚೀಟಿ ಬಿಡಲ್ಲ."

ಹೀಗೆ ಇಬ್ಬರೂ ಗುಟ್ಟಾಗಿ ಮಾತಾಡಿಕೊಳ್ಳುತ್ತಿರುವಾಗ ಹಿಂದಿನಿಂದ ಮಾಲೀಕರು, "ಏನು ಬಿಡಲ್ಲ?" ಎಂದರು.

ಕರಡಪ್ಪ ಎದ್ದು ನಿಂತ. ಸುಳ್ಳು ಹುಡುಕಿದ, ಸಿಗಲಿಲ್ಲ. ಕೊಡೆಯಿಂದ ಹಿಡಿದು ಮೀಸೆಯವರೆಗೆ ಎಲ್ಲ ಹೇಳಿಬಿಟ್ಟ. "ತಪ್ಪು ನಂದೇ. ನಿಮ್ಮ ಅನ್ನ ತಿಂದು ನಿಮ್ಮ ಪ್ರೆಸ್ಸಿಗೇ ಕೇಡು ತಂದೆ," ಎಂದ.

ಮಾಲೀಕರು ಕಟ್ಟಿನ ಮೇಲೆ ಕುಸಿದು ಕೂತರು. ಪ್ರೆಸ್ಸಿನ ಮುಕ್ಕಾಲು ಕೆಲಸ ಗಂಟೆ ಪಕ್ಷದ್ದು. ಆ ಕೆಲಸ ಹೋದರೆ ಬಾಗಿಲಿಗೆ ಬೀಗ. ಆಮೇಲೆ ತಲೆಯೆತ್ತಿ, "ನಾಳೆ ನೋಡಿದ್ರೆ ಏನ್ಗತಿ ಆಗ್ತಿತ್ತು? ಇವತ್ತೇ ನೋಡಿದ್ಯಲ್ಲ, ಅದೇ ಪುಣ್ಯ," ಎಂದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದ ಕರಡಪ್ಪನಿಗೆ ಕಣ್ಣು ಮಂಜಾಯಿತು. ಕನ್ನಡಕ ಇದ್ದೂ ಏನೂ ಕಾಣಲಿಲ್ಲ.

ಚೀಟಿ ಅಚ್ಚಾಯಿತು. 'ಹುಟ್ಟುಹಾಕಿದ' ಎಂಬ ಒಂದೇ ಪದ, ಬೆರಳಿನಷ್ಟು ಉದ್ದ. ಕೂತು ಅಂಟಿಸಲು ಶುರುಮಾಡುವಷ್ಟರಲ್ಲಿ ಕಂಡಕ್ಟರ್ ಅರ್ಧ ಬೀದಿಯನ್ನೇ ಕರೆತಂದರು. ಯಾರಿಗೂ ಹೇಳಬೇಡಿ ಎಂದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಕರೆತಂದಿದ್ದರು. ಕರಡಪ್ಪನ ಹೆಂಡತಿಯೂ ಬಂದಳು. ಸಹಾಯಕ್ಕೇನೂ ಕೊರತೆಯಿರಲಿಲ್ಲ. ಕೆಲವು ಚೀಟಿ ತಲೆಕೆಳಗಾದವು, ಒಂದೆರಡು ಪಕ್ಷದ ಈಗಿನ ಅಧ್ಯಕ್ಷರ ಫೋಟೊ ಮೇಲೆ ಹೋದವು, ಕಂಡಕ್ಟರ್ ಮೊಣಕೈಗೆ ಅಂಟಿಕೊಂಡದ್ದು ಮಾತ್ರ ಬರಲೇ ಇಲ್ಲ. ಆದರೂ ಸಂಜೆಯೊಳಗೆ ಎಲ್ಲ ಪುಸ್ತಕಕ್ಕೂ ಚೀಟಿ ಬಿತ್ತು. ಕರಡಪ್ಪ ಒಬ್ಬೊಬ್ಬರ ಕೈಯನ್ನೂ ಹಿಡಿದು, "ನಿಮ್ಮ ಉಪಕಾರ ಮರೆಯಲ್ಲ" ಎಂದ. ಅವನ ಕೈಗೂ ಗೋಂದು, ಅವರ ಕೈಗೂ ಗೋಂದು, ಬಿಡಿಸಿಕೊಳ್ಳುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

ಆಗ ಬೈಂಡರ್ ತಲೆ ಕೆರೆದುಕೊಂಡ. "ತಾತನಿಗೆ ಅಂತ ಚರ್ಮದ ರಟ್ಟು ಹಾಕಿ ಒಂದು ಪ್ರತಿ ಮಾಡಿದ್ನಲ್ಲ. ಅದನ್ನ ಬೆಳಿಗ್ಗೆನೇ ಅಧ್ಯಕ್ಷರ ಕಾರು ಬಂದು ತಗೊಂಡು ಹೋಯ್ತು."

ಮಾಲೀಕರು ಕರಡಪ್ಪನ ಮುಖ ನೋಡಿದರು. "ಅದೊಂದು ಪ್ರತಿ ತಾತನ ಕೈಯಲ್ಲಿ ಹಾಗೇ ಬಿಚ್ಚಿದ್ರೆ ನಾಳೆ ನೀನೂ ಇಲ್ಲ, ನಾನೂ ಇಲ್ಲ. ಹೋಗು," ಎಂದರು.

ಮಾಲೀಕರೂ ಉಳಿದವರೂ ಕಟ್ಟುಗಳನ್ನು ಹೊತ್ತು ಬರುವ ಮೊದಲೇ, ಅಂಗೈಯಲ್ಲಿ ಗೋಂದು ಹಚ್ಚಿದ ಚೀಟಿ ಇಟ್ಟುಕೊಂಡು ಕರಡಪ್ಪ ಸಭಾಂಗಣಕ್ಕೆ ಬಂದ. ವೇದಿಕೆಯ ಮೇಜಿನ ಮೇಲೆ ಚರ್ಮದ ರಟ್ಟಿನ ಪುಸ್ತಕ ಕಾಣುತ್ತಿತ್ತು. ಪಕ್ಕದ ಮೆಟ್ಟಿಲು ಹತ್ತಿ, ಲೋಟ ಸರಿಮಾಡುವವನ ಹಾಗೆ ಮೇಜಿನ ಹತ್ತಿರಕ್ಕೂ ಹೋದ. ಇನ್ನೇನು ಕೈ ಚಾಚಬೇಕು, ಪಕ್ಷದ ಅಧ್ಯಕ್ಷರು ಎದುರಾದರು.

"ಓಹೋ, ಪ್ರೆಸ್ಸಿನವರಲ್ವಾ? ನಿಮ್ಮಿಂದ ದೊಡ್ಡ ಉಪಕಾರ ಆಯ್ತು," ಎಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಕುಲುಕಿದರು. ಅಧ್ಯಕ್ಷರು ಕೈ ಬಿಟ್ಟಾಗ ಕರಡಪ್ಪನ ಅಂಗೈ ಖಾಲಿಯಾಗಿತ್ತು. ಅವರು ಮುಂದಕ್ಕೆ ಹೋಗಿ ಜನರಿಗೆ ಕೈ ಬೀಸಿದರು. ಬೀಸಿದ ಅಂಗೈಯಲ್ಲಿ 'ಹುಟ್ಟುಹಾಕಿದ' ಎಂದಿತ್ತು. ಮುಂದಿನ ಸಾಲಿನವರು ಅದನ್ನು ಹೊಸ ಪ್ರಚಾರವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ತಾತನನ್ನು ಕರೆತಂದು ಕೂರಿಸಿದರು. ಕರಡಪ್ಪ ಪರದೆಯ ಹಿಂದೆ ಸರಿದ. ತಾತ ದಾರ ಬಿಚ್ಚಿ, ಭೂತಗನ್ನಡಿ ಹಿಡಿದು, ಮೊದಲ ಪುಟ ತೆರೆದರು. ಫೋಟೊ ಬಹಳ ಹೊತ್ತು ನೋಡಿದರು. ಆಮೇಲೆ ಮೈಕಿಗೆ ಬಾಯಿಟ್ಟು ಸ್ಪಷ್ಟವಾಗಿ ಓದಿದರು.

"ಪಕ್ಷವನ್ನು ಹೂತುಹಾಕಿದ ಮಹನೀಯರು."

ಅಧ್ಯಕ್ಷರು ಬೆವರು ಒರೆಸಿಕೊಂಡರು. ಚೀಟಿ ಈಗ ಹಣೆಗೆ ಹೋಯಿತು. ಪರದೆಯ ಹಿಂದೆ ಕರಡಪ್ಪ ತನ್ನ ಕಿಟಕಿ ಪಕ್ಕದ ಕುರ್ಚಿಯನ್ನು ನೆನೆದುಕೊಂಡ.

ತಾತ ಅಳುತ್ತಿದ್ದರು.

"ಇಷ್ಟು ವರ್ಷ ಆದ್ಮೇಲೆ ಯಾರೋ ಒಬ್ಬರು ನಿಜ ಬರೆದ್ರಪ್ಪ," ಎಂದರು. "ದೊರೆಗಳು ಹಡಗು ಹತ್ತಿದ ದಿನ ನಾವು ಏಳೂ ಜನ ಅದೇ ಅಟ್ಟದ ಮೇಲೆ ಸೇರಿದ್ವಿ. ಬಂದ ಕೆಲಸ ಮುಗೀತು, ಇನ್ನು ಪಕ್ಷ ಬೇಡ, ಅವರವರ ಅಂಗಡಿಗೆ ಹೋಗೋಣ ಅಂತ ನಾನೇ ಹೇಳ್ದೆ. ಆರು ಜನ ಕೈ ಎತ್ತಿದ್ರು. ಮೊದಲ ಗಂಟೆನ ಅಂಗಡಿ ಹಿಂದೆ ಗುಂಡಿ ತೋಡಿ ನಾವೇ ಹೂತ್ವಿ. ಕೈ ಎತ್ತದೆ ಇದ್ದವನು ಒಬ್ಬನೇ. ಬೆಳಿಗ್ಗೆ ಎದ್ದು ಅವನು ಇನ್ನೊಂದು ಗಂಟೆ ಕೊಂಡ್ಕೊಂಡ." ತಾತ ಅಧ್ಯಕ್ಷರ ಕಡೆ ತಿರುಗಿದರು. "ನಿಮ್ಮಪ್ಪನೇ ಕಣಯ್ಯ. ಒಳ್ಳೇವನು, ಆದ್ರೆ ಅಂಗಡಿ ವ್ಯಾಪಾರ ಅವನ ಕೈಲಿ ಆಗ್ತಿರ್ಲಿಲ್ಲ."

ಸಭೆಯಲ್ಲಿ ಯಾರೋ ನಕ್ಕು ಕೆಮ್ಮಿದ ಹಾಗೆ ಮಾಡಿದರು.

"ಇದನ್ನ ಹೇಳ್ತಾನೇ ಇದ್ದೆ, ಯಾರೂ ಅಚ್ಚು ಹಾಕ್ಲಿಲ್ಲ. ನಾನು ಸತ್ತರೆ ಈ ಮಾತೂ ನನ್ನ ಜೊತೆ ಹೋಗ್ತದೆ ಅಂದ್ಕೊಂಡಿದ್ದೆ. ಯಾರಪ್ಪ ಇದನ್ನ ಬರೆದ ಪುಣ್ಯಾತ್ಮ?"

ಪರದೆಯ ಹಿಂದಕ್ಕೆ ಬಂದಿದ್ದ ಮಾಲೀಕರು ಕರಡಪ್ಪನನ್ನು ಒಂದು ನೂಕು ನೂಕಿದರು. ಪರದೆಯೊಳಗಿಂದ ಕರಡಪ್ಪ ತಾತನ ಎದುರಿಗೇ ಬಂದು ನಿಂತ. "ಅದು ನಾನು ಬೇಕಂತ..." ಎಂದು ಶುರುಮಾಡಿದ. ತಾತ ಮುಗಿಸಲು ಬಿಡಲಿಲ್ಲ. ಎದ್ದು ಅವನನ್ನು ಬಿಗಿಯಾಗಿ ತಬ್ಬಿಕೊಂಡರು. ಆ ವಯಸ್ಸಿಗೆ ಅಷ್ಟು ಬಲ ಎಲ್ಲಿಂದ ಬಂತೋ, ಇಬ್ಬರ ಎದೆಗಳ ನಡುವೆ ಏನೋ ಟಕ್ಕೆಂದಿತು. ತಾತನ ಪಕ್ಕೆಲುಬೇ ಇರಬೇಕೆಂದು ಕರಡಪ್ಪ ಹೆದರಿದ.

"ನೀನು ಚೆನ್ನಾಗಿರು ಮಗ," ಎಂದು ತಾತ ಅವನ ಕಿವಿಯಲ್ಲಿ ಹೇಳಿದರು. ತಾನು ಅದಕ್ಕೆ ಅರ್ಹನಲ್ಲವೆಂದು ಕರಡಪ್ಪನಿಗೆ ಗೊತ್ತಿತ್ತು. ಆದರೂ ಆ ಮಾತಿಗೆ ಅವನ ಮನಸ್ಸು ತುಂಬಿತು. ತಪ್ಪು ಮಾಡಿದವನಿಗೆ ಒಂದೇ ದಿನದಲ್ಲಿ ಎರಡು ಸಲ ಇಷ್ಟು ಪ್ರೀತಿ ಸಿಕ್ಕರೆ ಯಾರಿಗೆ ತಾನೇ ಅಳು ಬಾರದು?

ಅಷ್ಟರಲ್ಲಿ ಕೆಳಗೆ ಗಲಾಟೆ ಎದ್ದಿತ್ತು. ಜನ ತಮ್ಮ ತಮ್ಮ ಪ್ರತಿ ತೆರೆದು ನೋಡಿದ್ದರು. "ನಮ್ಮದ್ರಲ್ಲಿ ಹುಟ್ಟುಹಾಕಿದ ಅಂತಿದೆ," ಎಂದ ಒಬ್ಬ. "ಚೀಟಿ ಅಂಟಿಸಿ ತಾತನ ಮಾತು ಮುಚ್ಚಿದಾರೆ, ಕೀಳಿ," ಎಂದ ಇನ್ನೊಬ್ಬ. ಕೆಲವರು ಉಗುರಿನಿಂದ ಕೆರೆದರು. ಬೈಂಡರ್ ಹೇಳಿದಂತೆ ಕಾಗದ ಹರಿಯಿತು, ಚೀಟಿ ಬಿಡಲಿಲ್ಲ. ಚೀಟಿ ಕೀಳುವವರೆಲ್ಲ ತಾತನ ಕಡೆ ಸೇರಿದರು, ಕೀಳಬೇಡಿ ಎನ್ನುವವರು ಅಧ್ಯಕ್ಷರ ಕಡೆ. ಸಭೆ ಮುಗಿಯುವಷ್ಟರಲ್ಲಿ ಗಂಟೆ ಪಕ್ಷ ಇನ್ನೊಮ್ಮೆ ಬೆಳವಣಿಗೆ ಹೊಂದಿತ್ತು.

ಬಾಗಿಲ ಹತ್ತಿರ ಅಧ್ಯಕ್ಷರು ಮಾಲೀಕರನ್ನು ಹಿಡಿದರು. ಹಣೆಯ ಚೀಟಿಯನ್ನು ಈಗ ಬೇಕೆಂದೇ ಬಿಟ್ಟುಕೊಂಡಿದ್ದರು. "ಹುಟ್ಟುಹಾಕಿದ ಅಂತ ಸ್ಪಷ್ಟವಾಗಿ ಹೊಸ ಇತಿಹಾಸ ಅಚ್ಚಾಗ್ಲಿ. ಈ ಸಲ ಚೀಟಿ ಗೀಟಿ ಬೇಡ." ಅವರು ಅತ್ತ ಹೋಗುತ್ತಲೇ ತಾತನ ಕಡೆಯವರು ಬಂದರು. "ನಮಗೂ ಒಂದು ಇತಿಹಾಸ. ಹೂತುಹಾಕಿದ ಅಂತ. ಒಂದಕ್ಷರ ಆಚೀಚೆ ಆಗಬಾರದು. ಕರಡನ್ನ ಇವರೇ ನೋಡ್ಬೇಕು ಅಂತ ತಾತ ಹೇಳಿ ಕಳಿಸಿದಾರೆ," ಎಂದು ಕರಡಪ್ಪನನ್ನು ತೋರಿಸಿದರು.

ಮಾಲೀಕರ ಮುಖ ಅರಳಿತು. ಕರಡಪ್ಪನ ಬೆನ್ನು ತಟ್ಟಿದರು. "ಒಂದು ಕೆಲಸ ಹೋಗತ್ತೆ ಅಂತ ಹೆದರ್ಕೊಂಡಿದ್ವಿ, ಎರಡಾಯ್ತು ನೋಡು. ಎಲ್ಲ ನಿನ್ನ ದಯೆ. ಆ ಕುರ್ಚಿ ಇನ್ನು ನಿಂದೇ. ಎರಡು ಪುಸ್ತಕಕ್ಕೂ ಅದೊಂದೇ ಪದ ವ್ಯತ್ಯಾಸ. ಅದು ಇದಕ್ಕೆ, ಇದು ಅದಕ್ಕೆ ಹೋದ್ರೆ ಮಾತ್ರ ಇಬ್ಬರೂ ಸೇರಿ ನಮ್ಮನ್ನೇ ಹೂತುಹಾಕ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡು. ಹೇಗೂ ನಿನ್ನ ಕನ್ನಡಕ ಸಿಕ್ಕಿದೆಯಲ್ಲ."

"ಸಿಕ್ಕಿದೆ ಸಾರ್, ಸಿಕ್ಕಿದೆ," ಎಂದು ಕರಡಪ್ಪ ಅಂಗಿಯ ಜೇಬಿಗೆ ಕೈ ಹಾಕಿದ. ಪರದೆಯ ಹಿಂದೆ ಕಣ್ಣೊರೆಸಿಕೊಳ್ಳುವಾಗ ಕನ್ನಡಕ ತೆಗೆದು ಎದೆಯ ಮೇಲಿನ ಆ ಜೇಬಿಗೇ ಹಾಕಿಕೊಂಡಿದ್ದ.

ಕೈಗೆ ಮೊದಲು ಒಂದು ಕಡ್ಡಿ ಬಂತು. ಆಮೇಲೆ ಇನ್ನೊಂದು ಕಡ್ಡಿ. ಗಾಜು ಪುಡಿಪುಡಿಯಾಗಿ ಜೇಬಿನ ತಳದಲ್ಲಿತ್ತು. ಟಕ್ಕೆಂದದ್ದು ತಾತನ ಪಕ್ಕೆಲುಬಲ್ಲವೆಂದು ಅವನಿಗೆ ಆಗ ಗೊತ್ತಾಯಿತು.

ಕೈಯನ್ನು ಜೇಬಿನಲ್ಲೇ ಬಿಟ್ಟುಕೊಂಡು ಮಾಲೀಕರಿಗೆ ಮುಗುಳ್ನಕ್ಕ. ಆಮೇಲೆ ಹೆಂಡತಿ ನಿಂತಿದ್ದ ಕಡೆಗೆ ಹೋಗಿ ಮೆಲ್ಲಗೆ, "ಏನೇ, ನೀನು ಇನ್ನು ಕೆಲವು ದಿನ ಹೊಲಿಗೆ ಮಾಡದೆ ಇದ್ರೆ ಆಗಲ್ವಾ?" ಎಂದು ಕೇಳಿದ.