ಕಪ್ಪು ದಾರದ ಭವಿಷ್ಯ

ಮುಂದಿನ ವರ್ಷದ ಲೆಕ್ಕವನ್ನು ಈ ವರ್ಷವೇ ಹೇಳಬೇಕಾದವನ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಎಪ್ಪತ್ತರ ದಶಕದ ಕೊನೆಗೆ ನಾನು ಅಂಕಿಅಂಶ ಗುಮಾಸ್ತನಾಗಿದ್ದೆ. ಗ್ರಾಫ್ ಹಾಳೆಯಲ್ಲಿ ವರ್ಷಕ್ಕೊಂದು ಚುಕ್ಕಿ ಇಡುವುದು, ಚುಕ್ಕಿಗಳ ನಟ್ಟನಡುವೆ ಕಪ್ಪು ದಾರ ಬಿಗಿಯಾಗಿ ಹಿಡಿಯುವುದು. ದಾರ ಮುಂದೆ ಎಲ್ಲಿಗೆ ಹೋಗುತ್ತದೋ ಅದೇ ಬರುವ ವರ್ಷದ ಅಂದಾಜು.

೧. ದಾರದ ಇನ್ನೊಂದು ತುದಿ

ಚನ್ನಗಿರಿ ಕಚೇರಿಯಲ್ಲಿ ಬೆಳೆಯ ಅಂದಾಜಿಗೆ ಹಿಡಿದ ದಾರದ ಒಂದು ತುದಿ ನನ್ನ ಕೈಲಿ, ಇನ್ನೊಂದು ಜವಾನನ ಕೈಲಿ. ಎಷ್ಟು ಹೇಳಿದರೂ ಆತ ತನ್ನ ತುದಿಯನ್ನು ಮೇಲಕ್ಕೇ ಎತ್ತುತ್ತಿದ್ದ. ಯಾಕಪ್ಪಾ ಅಂದೆ.

"ನಮ್ಮ ಹೊಲ ಈ ಸಲ ಚೆನ್ನಾಗೈತೆ ಸರ್, ಅದಕ್ಕೆ."

ಬೈದು ದಾರ ಇಳಿಸಿದೆ. ಸುಗ್ಗಿಯಲ್ಲಿ ನೋಡಿದರೆ ನಿಜವಾದದ್ದು ಅವನು ಹಿಡಿದ ತುದಿಯೇ.

೨. ಬೆಂಚು

ಆಮೇಲೆ ಹೊನ್ನಾಳಿಗೆ ವರ್ಗವಾಯಿತು. ಅಲ್ಲಿನ ಗೋವಿನಕೋವಿ ಶಾಲೆಯ ಮಕ್ಕಳ ಸಂಖ್ಯೆಗೆ ದಾರ ಹಿಡಿದು ಇಪ್ಪತ್ತು ವರ್ಷ ಮುಂದಕ್ಕೆ ಎಳೆದೆ. ಊರಿನ ಒಟ್ಟು ಜನರಿಗಿಂತ ಶಾಲೆಯ ಮಕ್ಕಳೇ ಹೆಚ್ಚಾದರು. ಗಾಬರಿಯಿಂದ ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಗೆರೆ ಸರಿ ಐತೆ ಕಣ್ರೀ, ಊರೇ ಚಿಕ್ಕದು" ಅಂದರು.

ಹೆಡ್‌ಮಾಸ್ಟರು ಅಷ್ಟೂ ಮಕ್ಕಳಿಗೆ ಬೆಂಚು ಕೇಳಿ ಅರ್ಜಿ ಹಾಕಿಯೇ ಬಿಟ್ಟರು.

೩. ನಂಬಿಕಸ್ಥ ತಪ್ಪು

ಹೊನ್ನಾಳಿಗೆ ಬಂದು ಕೆಲವು ವರ್ಷವಾಗಿತ್ತು. ಹೆಂಡತಿಯ ತವರು ಹತ್ತಿರದ ಸಾಸ್ವೆಹಳ್ಳಿ, ಆಕೆ ತುಂಬಿದ ಬಸುರಿ. ಹೊಸ ಸಾಹೇಬರೋ, ಭತ್ತದ ಅಂದಾಜು ತಪ್ಪಿದವರನ್ನು ದೂರದ ಜಗಳೂರಿಗೆ ಹಾಕುತ್ತೇನೆ ಎನ್ನುತ್ತಿದ್ದರು. ನನಗೆ ನಿಜಕ್ಕೂ ಭಯವಾಯಿತು, ಏಕೆಂದರೆ ಹೆಚ್ಚು ಹೇಳಿ ಬೈಸಿಕೊಳ್ಳುವುದು ಬೇಡವೆಂದು ನಾನು ಎಕರೆಗೆ ಎರಡು ಚೀಲ ಕಡಿಮೆಯೇ ಬರೆಯುತ್ತಿದ್ದೆ.

ಒಂದು ದಿನ ಅವರು ನನ್ನ ಹಿಂದಿನ ವರ್ಷಗಳ ತಪ್ಪುಗಳನ್ನೇ ಚುಕ್ಕಿ ಇಟ್ಟು ದಾರ ಹಿಡಿದರು. ಒಂದು ಚುಕ್ಕಿಯೂ ಆಚೀಚೆ ಇಲ್ಲ.

"ಏನ್ರೀ ಇದು, ನಿಮ್ಮ ತಪ್ಪು ನೂಲು ಹಿಡಿದಂಗೈತೆ. ಇಂಥಾ ಮನುಷ್ಯನ್ನ ಬಿಡಾಕೆ ಆಗಲ್ಲ."

ಅಂದಿನಿಂದ ನಾನು ಬರೆದದ್ದಕ್ಕೆ ಅವರು ಎರಡು ಚೀಲ ಸೇರಿಸಿ ಮೇಲಕ್ಕೆ ಕಳಿಸುವುದು ಪದ್ಧತಿಯಾಯಿತು. ಎರಡು ವರ್ಷ ಲೆಕ್ಕ ಪಕ್ಕಾ. ಮಗಳೂ ಹುಟ್ಟಿ ಅಂಗಳದಲ್ಲಿ ಓಡಾಡತೊಡಗಿದಳು. ಆದರೆ ಹೆಂಡತಿಗೆ ಈ ಕೀರ್ತಿ ಹಿಡಿಸಲಿಲ್ಲ.

"ಒಂದು ಸಲನಾದ್ರೂ ಸರಿ ಬರೆಯಾಕೆ ಆಗಲ್ಲೇನ್ರಿ?"

ಮಾತು ನಾಟಿತು. ಆ ವರ್ಷ ಗದ್ದೆ ಗದ್ದೆ ತಿರುಗಿದೆ, ಸಾಸ್ವೆಹಳ್ಳಿಯಲ್ಲಿ ಮಾವನವರನ್ನೂ ಕೇಳಿದೆ, ಅಂಜದೆ ಇದ್ದದ್ದು ಇದ್ದಂತೆ ಬರೆದೆ. ಎದೆ ಉಬ್ಬಿತ್ತು. ಸಾಹೇಬರಿಗೆ ಮಾತ್ರ ಹೇಳಲಿಲ್ಲ, ಸುಗ್ಗಿ ಮುಗಿದ ಮೇಲೆ ಅವರೇ ಬೆರಗಾಗಲಿ ಎಂದು.

ಅವರು ಪದ್ಧತಿಯಂತೆ ಎರಡು ಚೀಲ ಸೇರಿಸಿ ಕಳಿಸಿದರು. ಸುಗ್ಗಿಯಲ್ಲಿ ನಾನು ಬರೆದಷ್ಟೇ ಬಂತು.

ಮರುತಿಂಗಳೇ ಜಗಳೂರಿಗೆ ವರ್ಗ. ಆದೇಶವನ್ನು ಹೆಂಡತಿಗೆ ನಾನೇ ಓದಿ ಹೇಳಬೇಕಾಯಿತು. ಕಾರಣ ಹೀಗಿತ್ತು: "ಸದರಿಯವರ ತಪ್ಪು ಮೊದಲಿನಂತೆ ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ."